ಸಂಡಿಗಿ ಅಕ್ಕ ಅಳೆದ ಬಿಸಿಲು

ಆಕೆಯ ಬಲಗೈ ಹೆಬ್ಬೆರಳಿಗೆ ಗೆರೆಗಳೇ ಇರಲಿಲ್ಲ. ಬಿಸಿ ಅಕ್ಕಿ ಅಂಬಲಿಯನ್ನು ಮೂರು ಬೆರಳಲ್ಲಿ ಎತ್ತಿ, ಹೆಬ್ಬೆರಳಿನಿಂದ ನೂಕಿ, ಒದ್ದೆ ಧೋತರದ ಮೇಲೆ ಸಂಡಿಗೆ ಇಟ್ಟು ಇಟ್ಟು ಆ ಬೆರಳು ಹೊಳೆಯೊಳಗಿನ ಕಲ್ಲಿನ ಹಾಗೆ ನುಣ್ಣಗಾಗಿತ್ತು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ಪ್ರತಿ ತಿಂಗಳೂ ಆಕೆಯನ್ನು ಗುರುತಿಸಲು ಒಪ್ಪುತ್ತಿರಲಿಲ್ಲ. ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರು. ಆಕೆ ಮಾತ್ರ ಯಂತ್ರವನ್ನು ಎತ್ತಿ, ತಿರುಗಿಸಿ, ಕೆಳಗೆ ಮೇಲೆ ನೋಡಿ, "ಇದರ ಒಳಗ ಕಣ್ಣು ಎಲ್ಲಿ ಅದಪ್ಪಾ? ಗೆರಿ ಹೆಂಗ ಎಣಿಸ್ತದ ಇದು?" ಎಂದು ಅಂಗಡಿಯವನನ್ನು ಕೇಳುತ್ತಿದ್ದಳು. ಅಕ್ಕಿ ಸಿಗದಿದ್ದರೂ ಆಕೆಗೆ ಚಿಂತೆಯಿರಲಿಲ್ಲ, ಉತ್ತರ ಸಿಗಬೇಕಿತ್ತು.

ಓಣಿಯವರೆಲ್ಲ ಆಕೆಯನ್ನು ಸಂಡಿಗಿ ಅಕ್ಕ ಎನ್ನುತ್ತಿದ್ದರು. ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಆದರೂ ನಾನೂ ಅಕ್ಕ ಎಂದೇ ಕರೆದೆ. ದೇವದುರ್ಗ ತಾಲೂಕಿನ ಗೂಗಲ್‌ನವಳು, ಕೃಷ್ಣೆಯ ದಂಡೆಯ ಮೇಲೆ ಹುಟ್ಟಿದವಳು. ಗಂಡ ತೀರಿದ ಮೇಲೆ ರಾಯಚೂರಿಗೆ ಬಂದು ನಮ್ಮ ಮನೆಯ ಪಕ್ಕದ ತಗಡಿನ ಮನೆಯನ್ನು ಬಾಡಿಗೆಗೆ ಹಿಡಿದಳು. ತಗಡಿನ ಮೇಲೆ ಸಂಡಿಗೆ ಹಾಕಲಾಗುವುದಿಲ್ಲ, ಇಳಿಜಾರು. ಹಾಗಾಗಿ ಬಂದ ವರ್ಷವೇ ನಮ್ಮ ಬಾಗಿಲಿಗೆ ಬಂದು, "ಯಕ್ಕಾ, ನಿನ್ನ ಮಾಳಿಗಿ ಸುಮ್ಮನ ಬಿದ್ದಾದ. ಬಿಸಲು ಹಾಳಾಗಾಕತ್ತದ" ಅಂದಳು. ನಮ್ಮ ಯಜಮಾನರು ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ಅಂಡಿಗೆ ಹೊತ್ತು ಹೊತ್ತು ಕಟ್ಟಿಸಿದ ಮನೆ ಅದು. ಬಿಸಿಲನ್ನು ಹಾಳು ಮಾಡುತ್ತಿದ್ದೇವೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಅಂದಿನಿಂದ ಇಪ್ಪತ್ತು ಬೇಸಿಗೆ ನಮ್ಮ ಮಾಳಿಗೆಯೇ ಆಕೆಯ ಹೊಲ. ಶಿವರಾತ್ರಿ ಮುಗಿದ ಮೇಲೆ ಹತ್ತಿದರೆ ಮೊದಲ ಮಳೆಗೆ ಇಳಿಯುವಳು. ಆ ಮೂರು ತಿಂಗಳಲ್ಲಿ ಒಣಗಿಸಿದ್ದನ್ನು ವರ್ಷವಿಡೀ ಮಾನ್ವಿ ಸಂತೆಯಲ್ಲಿ, ರಾಯಚೂರಿನ ಕಿರಾಣಿ ಅಂಗಡಿಗಳಲ್ಲಿ ಮಾರಿ ಬದುಕುವಳು. ಬೇರೆ ಹೊಲ ಆಕೆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಮಾಡಿದ ದಡ್ಡತನ ಅದರಿಂದಲೇ ತಿಳಿಯಬೇಕು.

ನನ್ನ ಮಗಳು ಕುರ್ಡಿಯ ಶಾಲೆಯಲ್ಲಿ ಟೀಚರು. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಎರಡು ವರ್ಷದ ಹಿಂದೆ ಮನೆಗೆ ಏಸಿ ತಂದಳು. ತಂದ ಮೇಲೆ ಬೇಸಿಗೆಯ ಕರೆಂಟು ಬಿಲ್ಲು ನೋಡಿ ಆಕೆಗೆ ಏಸಿಯಲ್ಲೂ ಬೆವರು ಬರತೊಡಗಿತು. ಆಗಲೇ ಮಾಳಿಗೆಯ ಮೇಲೆ ಪ್ಲೇಟು ಹಾಕಿ ಬಿಸಿಲಿನಿಂದ ಕರೆಂಟು ಮಾಡಿಕೊಡುವ ಸೋಲಾರ್‌ನವರು ಬರಲು ಶುರುವಾದರು. ಸಾಲ ಕೊಡಿಸುತ್ತೇವೆ, ಕಂತು ಕಟ್ಟಿ, ಬಿಸಿಲು ಪುಕ್ಕಟೆ ಎನ್ನುವವರು.

ಮೊದಲು ಬಂದವನು ಇಸ್ತ್ರಿ ಮುರಿಯದ ಅಂಗಿಯ ದೊಡ್ಡ ಮನುಷ್ಯ. ಕೈಯಲ್ಲಿ ಹಲಗೆಯಷ್ಟು ಅಗಲದ ಫೋನು. ಸೋಫಾದ ಮೇಲೆ ಕೂತು, "ಅಮ್ಮಾರ, ನಿಮ್ಮ ಕೈಯಿಂದ ಒಂದು ಪೈಸಾ ಬ್ಯಾಡ. ಬಿಲ್ಲಿಗಿ ಕಟ್ಟೋದನ್ನ ಕಂತಿಗಿ ಕಟ್ರಿ, ಅಷ್ಟ. ಸಾಲ ನಾವ ಮಾಡಿಸ್ತೀವಿ" ಅಂದ. ಮಾಳಿಗೆ ನೋಡುವುದಿಲ್ಲವೇ ಎಂದರೆ, ಮೇಲಿನಿಂದ ತೆಗೆದ ಚಿತ್ರ ತನ್ನ ಬಳಿಯೇ ಇದೆಯೆಂದು ತೋರಿಸಿದ. ನೋಡಿದೆ. ನಮ್ಮ ಮನೆಯೇ. ಮೇಲೆ ನನ್ನ ನೀಲಿ ನೀರಿನ ಟಾಕಿ.

"ಅಯ್ಯ, ನನ್ನ ಟಾಕಿ! ಬೇಷ್, ಸಿಕ್ತು ಬಿಡಪ್ಪಾ" ಅಂದೆ. "ಅದು ಒಡೆದು ಗುಜರಿಗಿ ಹೋಗಿ ಮೂರು ವರ್ಷ ಆತು. ಎಲ್ಲಿ ಇಟ್ಟೀರಿ ಅದನ್ನ?"

ಅವನ ಮುಖ ಸ್ವಲ್ಪ ಕೆಂಪಾಯಿತು. ನನಗೆ ಇಂಥದ್ದರಲ್ಲಿ ಖುಷಿ. ಬಾಗಿಲ ಬಳಿ ಮೊರ ಹಿಡಿದು ನಿಂತಿದ್ದ ಸಂಡಿಗಿ ಅಕ್ಕನಿಗೆ ಅವನನ್ನು ಕೆಣಕುವುದು ಬೇಕಿರಲಿಲ್ಲ, ತಿಳಿದುಕೊಳ್ಳುವುದು ಬೇಕಿತ್ತು. ಒಳಗೆ ಬಂದು ನೆಲದ ಮೇಲೆ ಕೂತಳು.

"ಕಂತು ಎಷ್ಟು ವರ್ಷಪ್ಪಾ?"

ಹೇಳಿದ.

"ಪ್ಲೇಟು ಎಷ್ಟು ವರ್ಷ ಬಾಳ್ತಾವ?"

ಅದನ್ನು ಇನ್ನೂ ಜೋರಾಗಿ ಹೇಳಿದ.

"ನಿಮ್ಮ ಕಂಪನಿ ಎಷ್ಟು ವರ್ಷ ಇರ್ತದ?"

ಅವನು ನಕ್ಕ. ಆಕೆ ನಗಲಿಲ್ಲ. ಉತ್ತರಕ್ಕೆ ಕಾಯುತ್ತ ಕೂತಳು. ಅವನು ನೀರು ಕುಡಿದ. ಆಮೇಲೆ ಆಕೆ ಮೆತ್ತಗೆ ಮತ್ತೊಂದು ಕೇಳಿದಳು: "ಮೋಡ ಮುಚ್ಚಿದ ದಿನ ಕರೆಂಟು ಇರಂಗಿಲ್ಲ ಅಂತೀರಿ. ಮೋಡ ಮುಚ್ಚಿದ ತಿಂಗಳ ಕಂತು ಇರ್ತದೇನು?"

ಅವನು ಹೋದ ಮೇಲೆ ಮಗಳು ಅಕ್ಕನಿಗೆ, "ಅತ್ತಿ, ಅವರು ನಾಲ್ಕು ಕಡಿ ಹಾಕ್ಯಾರ. ದೇವದುರ್ಗದಾಗೂ ಹಾಕ್ಯಾರಂತ" ಅಂದಳು. ಅಷ್ಟೇ ಸಾಕಾಯಿತು ಅಕ್ಕನಿಗೆ. "ಹೆಣ್ಣು ಕೊಡೂಕಿಂತ ಮೊದಲ ಮನಿ ನೋಡಾಕ ಹೋಗ್ತೀವಿಲ್ಲ? ನಡೀರಿ, ಹೋಗೂಣು."

ರವಿವಾರ ಮೂವರೂ ದೇವದುರ್ಗದ ಬಸ್ಸು ಹತ್ತಿದೆವು. ನಿಜವಾಗಿಯೂ ಸಂಬಂಧ ನೋಡಲು ಹೋದ ಹಾಗೆಯೇ ಅಕ್ಕ ಸೆರಗಿನಲ್ಲಿ ಸಕ್ಕರೆ ಕಟ್ಟಿಕೊಂಡು ಬಂದಿದ್ದಳು. ಪ್ಲೇಟು ಹಾಕಿಸಿದ ಮನೆಯೊಡತಿಯ ಕೈಗೆ ಸಕ್ಕರೆ ಕೊಟ್ಟು, ಚಹಾ ಕುಡಿದು, ಮಕ್ಕಳೆಷ್ಟು ಮೊಮ್ಮಕ್ಕಳೆಷ್ಟು ಎಂದು ವಿಚಾರಿಸಿ, ಕೊನೆಗೆ, "ನಿಮ್ಮ ಪ್ಲೇಟು ಹೆಂಗ ಅವವ್ವಾ, ಹೊಂದ್ಕೊಂಡು ಹೋಗ್ತಾವೇನು?" ಅಂದಳು.

ಆ ಹೆಣ್ಣುಮಗಳು ಸೊಸೆಯ ಬಗ್ಗೆ ಹೇಳುವ ಹಾಗೆ ದನಿ ಇಳಿಸಿದಳು. "ಅವೇನು ಚೊಲೊ ಅವ. ತಂದು ಹಾಕಿದವರದ ತಕರಾರು. ಪ್ಲೇಟಿನ ಕರೆಂಟು ಲೆಕ್ಕ ಹಿಡಿಯೋ ಹೊಸ ಮೀಟರಿಗಿ ನಾವ ಅರ್ಜಿ ಹಾಕ್ತೀವಿ ಅಂದ್ರು, ಹಾಕಲೇ ಇಲ್ಲ. ಮೀಟರು ಬದಲಾಗೋ ತನಕ ಹಳೇ ಬಿಲ್ಲೂ ಕಟ್ಟಿದೆ, ಹೊಸ ಕಂತೂ ಕಟ್ಟಿದೆ. ಫೋನ್ ಮಾಡಿದ್ರ ಎತ್ತಂಗಿಲ್ಲ."

ಬಸ್ಸಿನಲ್ಲಿ ಬರುವಾಗ ಅಕ್ಕ, "ಹುಡುಗಿ ಚೊಲೊ, ಬೀಗರು ಬರೋಬ್ಬರಿ ಇಲ್ಲ" ಎಂದು ತೀರ್ಪು ಕೊಟ್ಟಳು. ಆ ಸಂಬಂಧ ಅಲ್ಲಿಗೆ ಬಿಟ್ಟೆವು.

ಎರಡನೆಯವರು ನಮ್ಮ ಪೇಟೆಯವರೇ, ಬ್ಯಾಟರಿ ಅಂಗಡಿಯ ಭಾಯ್. ಬ್ಯಾಂಕಿನಿಂದ ಮಗಳ ಹೆಸರಿಗೆ ಸಾಲ, ಸರ್ಕಾರದ ಸಹಾಯಧನ, ಮೀಟರಿನ ಅರ್ಜಿ ಮೊದಲು, ಪ್ಲೇಟು ಆಮೇಲೆ ಎಂದರು. ಅಂಗಡಿ ಎಷ್ಟು ವರ್ಷ ಇರುತ್ತದೆ ಎಂದು ಅಕ್ಕ ಅವರನ್ನೂ ಕೇಳಿದಳು. "ನಮ್ಮ ದಾದಾ, ಅಜ್ಜಾರು, ಟಾರ್ಚ್ ರಿಪೇರಿ ಮಾಡ್ತಿದ್ರು ಅದೇ ಜಾಗದಾಗ, ಆಪಾ. ಬಂದು ಬೈಯ್ಯಾಕ ಅಡ್ರೆಸ್ ಪಕ್ಕಾ ಅದ" ಅಂದರು. ಅವರ ಮಾತಿನಲ್ಲಿ ಅಕ್ಕ ಆಪಾ ಆಗಿದ್ದಳು. ಅಕ್ಕನಿಗೆ ಆ ಉತ್ತರ ಹಿಡಿಸಿತು.

ಭಾಯ್ ಮಾಳಿಗೆ ಹತ್ತಿದರು. ಮೇ ತಿಂಗಳ ಮಧ್ಯಾಹ್ನ, ಚಪ್ಪಲಿ ಬಿಟ್ಟರೆ ಕಾಲು ಸುಡುವ ಹೊತ್ತು. ದಕ್ಷಿಣದ ಗೋಡೆಯಿಂದ ಉತ್ತರದ ಗೋಡೆಯವರೆಗೆ ಸುಣ್ಣದ ಕಡ್ಡಿಯಿಂದ ಚೌಕಗಳನ್ನು ಎಳೆದರು. "ಅಮ್ಮಾ, ನೆಳ್ಳಿನ ಮಾತು ಖರೇ ಹೇಳ್ರಿ. ಒಂದು ಪ್ಲೇಟಿನ ಮ್ಯಾಲ ನೆಳ್ಳು ಬಿದ್ರೂ ಸಾಲಿನಾಗಿನ ಎಲ್ಲಾವೂ ಸುಸ್ತಾಗ್ತಾವ. ಒಂದು ಎತ್ತು ಕುಂತ್ರ ಗಾಡಿ ನಿಂತಂಗ."

ನಾನು ಅಕ್ಕನ ಕಡೆ ನೋಡಿದೆ. ಬಿಸಿಲಿನ ಮಾತು ಬಂದರೆ ಓಣಿಯಲ್ಲಿ ಯಾರಾದರೂ ಆಕೆಯ ಕಡೆಯೇ ನೋಡುವುದು. ಆ ಮಾಳಿಗೆ ಹೋದರೆ ಆಕೆಯ ಹೊಲ ಹೋಗುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಹೊಲ ಮಾರಲೇ, ಬೇಡವೇ ಎಂದು ಉಳುವವಳನ್ನೇ ಕೇಳಿದ ಹಾಗೆ ಕೇಳಿಬಿಟ್ಟೆ.

"ಬಾಯಿಂದ ಯಾಕ ಹೇಳ್ಲಿ? ನಾಳಿ ಹಾಕಿ ತೋರಿಸ್ತೀನಿ" ಅಂದಳು.

ಮರುದಿನ ನಸುಕಿನಲ್ಲಿ ಅಂಬಲಿ ಕಾಯಿಸಿ, ಭಾಯ್ ಎಳೆದ ಒಂದೊಂದು ಚೌಕದಲ್ಲಿ ಒಂದೊಂದು ಸಾಲು ಸಂಡಿಗೆ ಇಟ್ಟಳು. ಸಂಜೆ ನಾಲ್ಕಕ್ಕೆ ಭಾಯ್ ಬಂದಾಗ ಎಲ್ಲ ಚೌಕದ ಸಂಡಿಗೆಯೂ ಕೈಯಾಡಿಸಿದರೆ ಗಲಗಲ ಎನ್ನುತ್ತಿತ್ತು. ಅಕ್ಕ ಒಂದೊಂದನ್ನು ಮುರಿದು, ಕಿವಿಯ ಹತ್ತಿರ ಹಿಡಿದು ಸಪ್ಪಳ ಕೇಳಿ, "ಗೇಣು ನೆಳ್ಳಿಲ್ಲ. ದಕ್ಷಿಣದ ಕಡಿ ಅಂತೂ ಎಲ್ಲಕ್ಕಿಂತ ಮೊದಲ ಒಣಗ್ಯಾದ" ಅಂದಳು.

ದಕ್ಷಿಣಕ್ಕೆ ಪಕ್ಕದವರ ಮನೆ, ನಮಗಿಂತ ಒಂದು ಮಜಲು ಎತ್ತರ. ಭಾಯ್ ಅದನ್ನು ನೋಡಿ ಕಣ್ಣು ಕಿರಿದು ಮಾಡಿದರು. "ಚಳಿಗಾಲದಾಗ ಹೆಂಗ, ಆಪಾ?"

"ಇಪ್ಪತ್ತು ವರ್ಷ ಆತಪ್ಪಾ ಈ ಮಾಳಿಗಿ ಮ್ಯಾಲ ನಿಂತು. ನನಗ ಕೇಳ್ತೀಯೇನು?"

ಭಾಯ್ ಸುಣ್ಣದ ಕಡ್ಡಿ ಜೇಬಿಗೆ ಹಾಕಿಕೊಂಡರು. ಕೆಳಗಿಳಿದು ಹೋದರು. ಆಕೆ ಸಂಡಿಗೆ ಬುಟ್ಟಿಗೆ ತುಂಬುತ್ತಿದ್ದಾಗ, ಆಗ, ಅಷ್ಟು ತಡವಾಗಿ, ನನಗೆ ಆಕೆಯ ಹೊಲದ ನೆನಪಾಯಿತು.

"ಅಕ್ಕಾ, ಪ್ಲೇಟು ಹಾಕಿದ ಮ್ಯಾಲ ನೀನು ಎಲ್ಲಿ ಹಾಕ್ತಿ?"

ಆಕೆ ತಲೆ ಎತ್ತಲಿಲ್ಲ. "ಅದು ನನ್ನ ಚಿಂತಿ. ನೀನು ಕೇಳಿದ್ದು ಬಿಸಲಿನ ಮಾತು. ಬಿಸಲಿನ ಮಾತಿಗಿ ಬಿಸಲಿನ ಜವಾಬು ಕೊಟ್ಟೀನಿ."

ಆಮೇಲೆ ಗೊತ್ತಾಯಿತು, ಆಕೆ ಅದಕ್ಕೆ ವಾರದ ಮೊದಲೇ ಹಿಂದಿನ ಓಣಿಯಲ್ಲಿ ಎರಡು ಮನೆ ಕೇಳಿ ಬಂದಿದ್ದಳು. ಇಬ್ಬರ ಮೆಟ್ಟಿಲೂ ಮನೆಯೊಳಗಿನಿಂದ, ಇಬ್ಬರೂ ಆಗುವುದಿಲ್ಲ ಎಂದಿದ್ದರು. ನಾನು ಪ್ಲೇಟು ಬೇಡವೆಂದು ಮಗಳಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ. ಏಸಿಯ ತಂಪಿನಲ್ಲಿ ಮಲಗಿದಾಗ ಒಳ್ಳೆಯ ಮಾತು ನಾಲಿಗೆಗೆ ಬರುವುದಿಲ್ಲ.

ಬ್ಯಾಂಕಿನ ಕಾಗದಗಳು ಒಂದರ ಹಿಂದೆ ಒಂದು ಬರುತ್ತ ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಸಾಲದ ಸಹಿ ಬೀಳುವ ಹೊತ್ತಿಗೆ ಚಳಿ ಬಂದಿತ್ತು. ಸೋಮವಾರ ಸಹಿ ಎಂದು ಗೊತ್ತಾಯಿತು.

ಅದರ ಹಿಂದಿನ ಗುರುವಾರ ನಾನು ಮಾಳಿಗೆಯ ಮೇಲೆ ಮೊಳಕಾಲು ಕಾಯಿಸಿಕೊಳ್ಳುತ್ತ ಕೂತಿದ್ದೆ. ಚಳಿಯಲ್ಲಿ ನನ್ನ ಮೊಳಕಾಲು ಹಳೆ ಬಾಗಿಲಿನ ಹಾಗೆ ಕಿರುಗುಡುತ್ತವೆ, ಬಿಸಿಲು ಬೀಳಬೇಕು. ಅಕ್ಕ ಒಂದು ಬಟ್ಟಲು ಸಾರು ಕೊಡಲು ಮೇಲೆ ಬಂದಳು. ಚಳಿಗಾಲದಲ್ಲಿ ಆಕೆ ಮೇಲೆ ಬರುವುದೇ ಅಪರೂಪ. ಬಂದವಳೇ, ನನಗೆ ಯಾವುದಕ್ಕೂ ಇಲ್ಲದ ಕುತೂಹಲ ಆಕೆಗೆ ಇತ್ತಲ್ಲ, "ಅಲ್ಲಬೇ, ಆ ದಕ್ಷಿಣದ ಗ್ವಾಡಿಗಿ ಆನಿಕೊಂಡು ಕೂಡೂದು ಬಿಟ್ಟು ಈ ಉತ್ತರದ ಮೂಲ್ಯಾಗ ಯಾಕ ಕುಂತಿ?" ಅಂದಳು.

"ಅಲ್ಲಿ ನೆಳ್ಳು ಬೀಳ್ತದ. ಸಂಕ್ರಾಂತಿ ದಾಟೋ ತನಕ ಆ ಕಡಿ ಬಿಸಲು ಬರಂಗಿಲ್ಲ."

ಅಕ್ಕ ತಿರುಗಿ ನೋಡಿದಳು. ಹೊತ್ತು ಹನ್ನೊಂದು ದಾಟಿತ್ತು. ದಕ್ಷಿಣಕ್ಕೆ ವಾಲಿದ ಸೂರ್ಯ ಪಕ್ಕದ ಮನೆಯ ಹಿಂದೆ ನಿಂತಿದ್ದ. ಅದರ ನೆರಳು ನಮ್ಮ ಮಾಳಿಗೆಯ ಅರ್ಧದವರೆಗೂ ಕಂಬಳಿಯ ಹಾಗೆ ಹಾಸಿತ್ತು. ಬೇಸಿಗೆಯಲ್ಲಿ ನೆತ್ತಿಯ ಮೇಲೇ ಹೋಗುವ ಸೂರ್ಯ ಅಷ್ಟು ಕೆಳಗೆ ಬರುತ್ತಾನೆ ಎಂಬುದನ್ನು ಆಕೆ ನಮ್ಮ ಮಾಳಿಗೆಯ ಮೇಲೆ ನಿಂತು ನೋಡಿಯೇ ಇರಲಿಲ್ಲ. ಚಳಿಯಲ್ಲಿ ಸಂಡಿಗೆ ಯಾರು ಹಾಕುತ್ತಾರೆ? ಬಟ್ಟಲು ನನ್ನ ಕೈಗೆ ಕೊಟ್ಟು, ಇಳಿದು ಹೋದಳು.

ಮೂರು ದಿನ ಆಕೆ ಕಾಣಲಿಲ್ಲ. ನೆಗಡಿ ಇರಬೇಕು ಅಂದುಕೊಂಡೆ.

ರವಿವಾರ ಬೆಳಕು ಹರಿಯುವ ಮೊದಲೇ ಬಾಗಿಲು ಬಡಿದ ಸಪ್ಪಳ. ತೆರೆದರೆ ಅಕ್ಕ, ತಲೆಗೆ ಶಾಲು ಸುತ್ತಿಕೊಂಡು, ಕೈಯಲ್ಲಿ ಹಬೆಯಾಡುವ ಅಂಬಲಿಯ ಪಾತ್ರೆ ಹಿಡಿದು ನಿಂತಿದ್ದಳು. ಹಿಂದಿನಿಂದ ಮಗಳೂ ಎದ್ದು ಬಂದಳು.

"ನಾಳಿ ಸಹಿ ಮಾಡಬ್ಯಾಡವ್ವಾ. ದಕ್ಷಿಣದ ಕಡಿ ನೆಳ್ಳು ಅದ. ನಾನು ಹೇಳಿದ್ದು ತಪ್ಪು."

ಮಗಳಿಗೆ ಆರು ತಿಂಗಳು ಬ್ಯಾಂಕಿಗೆ ಅಲೆದ ಸಿಟ್ಟು. "ಅತ್ತಿ, ಬ್ಯಾಸಿಗ್ಯಾಗ ಒಂದು ಮಾತು, ಚಳಿಯಾಗ ಒಂದು ಮಾತಾ? ಮಾಳಿಗಿ ಬೇಕಿದ್ರ ಬೇಕಂತ ಅವಾಗ ಹೇಳಬೇಕಿತ್ತು" ಎಂದುಬಿಟ್ಟಳು.

ಅಕ್ಕ ಪಾತ್ರೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು, ಬಿಸಿಯಿತ್ತು.

"ಹಿಂಗ ಅಂತೀರಿ ಅಂತಾನ ಮೂರು ದಿನ ಬಾಯಿ ಹೊಲಕೊಂಡು ಕುಂತಿದ್ದೆ" ಅಂದಳು. "ನೀನು ನನ್ನ ಮಾತು ನಂಬಬ್ಯಾಡ. ಅಂಬಲಿ ತಂದೀನಿ. ಸಂಜಿತನಕ ಇರು, ಅದ ಹೇಳ್ತದ."

ಚಳಿಗಾಲದ ಆ ಮುಂಜಾನೆ, ನಡುಗುತ್ತ, ಅದೇ ಚೌಕಗಳಲ್ಲಿ ಅದೇ ಸಾಲುಗಳನ್ನು ಇಟ್ಟಳು. ಸುಣ್ಣದ ಗೆರೆ ಮಳೆಗೆ ಅಳಿಸಿತ್ತು, ಆಕೆಗೆ ನೆನಪಿತ್ತು. ಪಕ್ಕದ ಮನೆಯವರು ಇಣುಕಿ, "ಏನ್ರೀ ಅಕ್ಕಾ, ಪುಷ್ಯದಾಗ ಸಂಡಿಗೀನಾ? ತಲಿ ಕೆಟ್ಟದೇನು?" ಎಂದು ನಕ್ಕರು. "ನಿಮ್ಮ ಮನಿ ಎಷ್ಟು ಎತ್ತರ ಅದ ಅಂತ ಅಳಿಯಾಕತ್ತೀನಿ" ಎಂದು ನಾನೇ ಕೂಗಿ ಹೇಳಿದೆ. ಮಗಳು ಮುಖ ಬಿಗಿದುಕೊಂಡು ಕುರ್ಚಿ ಹಾಕಿ ಕೂತಳು. ಹತ್ತು ಗಂಟೆಗೆ ಒಮ್ಮೆ ಎದ್ದು ನೋಡಿದಳು. ಹನ್ನೆರಡಕ್ಕೆ ಮತ್ತೊಮ್ಮೆ. ಆಮೇಲೆ ಕುರ್ಚಿಗೆ ಮರಳಲಿಲ್ಲ, ನೆರಳಿನ ಅಂಚಿನಲ್ಲೇ ನಿಂತಳು.

ಸಂಜೆಗೆ ಉತ್ತರದ ಸಾಲುಗಳು ಪದರು ಕಟ್ಟಿ ಅಂಚು ಎದ್ದಿದ್ದವು. ದಕ್ಷಿಣದ ಸಾಲುಗಳು ಇಟ್ಟಾಗ ಹೇಗಿದ್ದವೋ ಹಾಗೇ ಅಂಬಲಿಯಾಗಿಯೇ ಕೂತಿದ್ದವು. ಮಗಳು ಬಗ್ಗಿ ಒಂದಕ್ಕೆ ಬೆರಳು ಒತ್ತಿದಳು. ಬೆರಳು ಒಳಗೆ ಹೋಯಿತು. ಸೀರೆಗೆ ಒರೆಸಿಕೊಂಡು, "ಅತ್ತಿ, ನಂದು ತಪ್ಪಾತು" ಅಂದಳು.

"ನಿಂದೇನದ? ನಾನು ಇಪ್ಪತ್ತು ವರ್ಷ ಅಂತ ಸೊಕ್ಕು ಮಾಡಿದೆ. ಇಪ್ಪತ್ತು ಬ್ಯಾಸಿಗಿ ಅನಬೇಕಿತ್ತು." ಆಕೆ ನನ್ನ ಕಡೆ ತಿರುಗಿದಳು. "ನಿನ್ನ ಮೊಳಕಾಲಿಗಿ ಗೊತ್ತಿದ್ದದ್ದು ನನ್ನ ಸಂಡಿಗಿಗಿ ಗೊತ್ತಿರಲಿಲ್ಲ ನೋಡು."

ಭಾಯ್‌ಗೆ ಫೋನು ಹೋಯಿತು. ಬಂದು ನೋಡಿ ತಲೆ ಕೆರೆದುಕೊಂಡರು. "ಅವತ್ತು ಕೇಳಿದ್ದು ನಾನ. ಆಪಾ ಗುರ್ರ್ ಅಂದ್ರು, ನಾನು ಓಡಿದೆ. ಅದು ನಂದೂ ತಪ್ಪ" ಎಂದು ಒಪ್ಪಿಕೊಂಡರು. ಉತ್ತರದ ಅರ್ಧಕ್ಕೆ ಮಾತ್ರ ಪ್ಲೇಟು ಎಂದಾಯಿತು. ಪ್ಲೇಟು ಅರ್ಧವಾದ ಮೇಲೆ ಸಾಲವೂ ಇಳಿಯಿತು. "ಧಂಧಾನೂ ಅರ್ಧ ಆತು, ಆಪಾ" ಎಂದು ಅವರು ನಗುತ್ತಲೇ ದೂರಿದರು.

ಆಮೇಲೆ ಕಂಡಿತು ನಮಗೆ. ದಕ್ಷಿಣದ ಅರ್ಧಕ್ಕೆ ಚಳಿಯಲ್ಲಿ ಬಿಸಿಲಿಲ್ಲ, ಬೇಸಿಗೆಯಲ್ಲಿ ಬೇಕಾದಷ್ಟಿದೆ. ಸಂಡಿಗೆಗೆ ಬೇಕಾದದ್ದು ಬೇಸಿಗೆ ಮಾತ್ರ. ಆಕೆಯ ತಪ್ಪೇ ಆಕೆಯ ಹೊಲವನ್ನು ಉಳಿಸಿತು. ಸೋತದ್ದು ನನ್ನ ಮೊಳಕಾಲು ಮಾತ್ರ. ಈಗ ಚಳಿಯಲ್ಲಿ ಹೊರಗಿನ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನು ಮಾತಾಡಿಸುತ್ತ ಕಾಯಿಸಿಕೊಳ್ಳುತ್ತೇನೆ. ಲುಕ್ಸಾನೇನೂ ಆಗಿಲ್ಲ.

ಪ್ಲೇಟು ಬಂದ ದಿನದಿಂದ ಅಕ್ಕನಿಗೆ ಹೊಸ ಹುಚ್ಚು. ಎಷ್ಟು ಯೂನಿಟ್ ಕರೆಂಟು ಆಯಿತೆಂದು ಫೋನಿನಲ್ಲಿ ಕಾಣುತ್ತದೆ ಎಂದು ಭಾಯ್ ಹೇಳಿದ್ದೇ ತಪ್ಪಾಯಿತು. ಸಂಜೆ ಐದೂವರೆಗೆ ನಮ್ಮ ನಡುವಿನ ಗಿಡ್ಡ ಗೋಡೆಯ ಆಚೆಯಿಂದ ಕೂಗು:

"ಯಕ್ಕಾ, ಇವತ್ತ ಎಷ್ಟು ಒಣಗ್ಯಾದ?"

ಕರೆಂಟು ಎನ್ನುತ್ತಿರಲಿಲ್ಲ. ಬಿಸಿಲಿನಿಂದ ಆಗುವುದೆಲ್ಲ ಆಕೆಗೆ ಒಣಗುವುದೇ. ಮಗಳು ಕುರ್ಡಿಯಿಂದ ಬರುವುದು ಏಳಕ್ಕೆ. ಅಲ್ಲಿಯವರೆಗೆ ಕಾಯಲು ಆಕೆಗೆ ಆಗುತ್ತಿರಲಿಲ್ಲ. "ಫೋನು ನಿನ್ನ ಉಡಿಯಾಗ ಇಟ್ಕೊಂಡು ನೋಡಾಕ ಬರಂಗಿಲ್ಲ ಅಂತೀಯಲ್ಲ, ನಾಚಿಕಿ ಆಗಂಗಿಲ್ಲೇನು ನಿನಗ?" ಎಂದು ದಿನಾ ಚುಚ್ಚಿದಳು. ಆ ಚುಚ್ಚಿಗೆ ನಾನು ಫೋನು ಕಲಿತೆ. ಮೊದಲು ಅಂಕಿ ನೋಡುವುದು, ಆಮೇಲೆ ಭಾಯ್‌ಗೆ ಸಂದೇಶ ಹಾಕುವುದು, ಆಮೇಲೆ ಒಂದೇ ಬೆರಳಿನಿಂದ ಇಷ್ಟುದ್ದ ಬರೆಯುವುದು. ನೀವು ಓದುತ್ತಿರುವ ಇಷ್ಟೂ ಅಕ್ಷರ ಆಕೆಯ ಸಾಲ. ಇದಕ್ಕೆ ಯಾವ ಬ್ಯಾಂಕೂ ಕಂತು ಕೇಳಲಿಲ್ಲ.

ಮೊದಲ ಬೇಸಿಗೆಯಲ್ಲಿ ಆಕೆಗೊಂದು ಒಗಟು ಸಿಕ್ಕಿತು. ಸಂಡಿಗೆ ಅರ್ಧ ದಿನಕ್ಕೆ ಗಲಗಲ ಎನ್ನುವ ಉರಿಬಿಸಿಲಿನ ದಿನವೇ ಪ್ಲೇಟಿನ ಅಂಕಿ ಶಿವರಾತ್ರಿ ಹೊತ್ತಿಗಿಂತ ಕಡಿಮೆ ಬಂತು. ಎರಡು ದಿನ ಊಟ ರುಚಿಸಲಿಲ್ಲ ಆಕೆಗೆ. ಅಂಗಡಿಗೇ ಹೋಗಿ ಕೇಳಿದಳು. ಕಾವು ಹೆಚ್ಚಾದರೆ ಪ್ಲೇಟು ಬಳಲುತ್ತವೆ ಎಂದು ಭಾಯ್ ಹೇಳಿದಾಗ ಗಟ್ಟಿಯಾಗಿ ನಕ್ಕಳಂತೆ. "ಹಂಗಾದ್ರ ಅವೂ ನಮ್ಮಂಗ ಮನುಷ್ಯಾರ ಬಿಡು!" ಅಂದಿನಿಂದ ನಸುಕಿನಲ್ಲಿ ಸಂಡಿಗೆ ಇಡುವ ಮೊದಲು ಪ್ಲೇಟುಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುವಳು. ಸಂಜೆ ಅಂಕಿ ಕೇಳಿ, ಒಂದು ಹೆಚ್ಚು ಬಂದಿದ್ದರೆ ತನ್ನದೇ ಮಗು ಪಾಸಾದ ಹಾಗೆ ತಲೆಯಾಡಿಸುವಳು.

ಹೋದ ಮಳೆಗಾಲದಲ್ಲಿ ಆಕೆಗೆ ಜ್ವರ ಬಂತು, ಇಳಿಯಲಿಲ್ಲ. ದವಾಖಾನೆಯಿಂದ ಮನೆಗೆ ಕಳಿಸಿದರು. ಹೊರಗೆ ಮೂರು ದಿನದಿಂದ ಮೋಡ ಬಿಟ್ಟಿರಲಿಲ್ಲ. ತಗಡಿನ ಮನೆಯಲ್ಲಿ ಆಕೆಯ ಪಕ್ಕ ಕೂತು ನುಣ್ಣನೆಯ ಆ ಹೆಬ್ಬೆರಳನ್ನು ಹಿಡಿದುಕೊಂಡಿದ್ದೆ. ಕಣ್ಣು ಮುಚ್ಚಿದ್ದ ಆಕೆ, "ಇವತ್ತ ಎಷ್ಟು?" ಅಂದಳು.

ಫೋನು ತೆಗೆದು ನೋಡಿದೆ. ಹೆಚ್ಚು ಮಾಡಿ ಹೇಳಲೇ ಎಂದು ಒಮ್ಮೆ ಅನ್ನಿಸಿತು. ಬಿಸಿಲಿನ ವಿಷಯದಲ್ಲಿ ಆಕೆಗೆ ಸುಳ್ಳು ಹೇಳಲು ಆಗಲಿಲ್ಲ. "ಭಾಳ ಕಡಿಮಿ ಅಕ್ಕಾ. ಎರಡು."

"ಇಷ್ಟು ಮೋಡದಾಗೂ ಎರಡಾ?" ಆಕೆಯ ಹುಬ್ಬು ಮೇಲೇರಿತು. "ಸಂಡಿಗಿಗಿಂತ ಶಾಣ್ಯಾ ಅವ. ಹೆಂಗ ಮಾಡ್ತಾವಬೇ?"

ನಾಳೆ ಭಾಯ್‌ನ ಕೇಳಿ ಹೇಳುತ್ತೇನೆ ಅಂದೆ. ನಸುಕಿನಲ್ಲಿ ಹೋಗಿಬಿಟ್ಟಳು. ಆಕೆಯ ಅಣ್ಣನ ಮಕ್ಕಳು ಬಂದು ಗೂಗಲ್‌ಗೆ ಒಯ್ದರು, ಹೊಳೆದಂಡೆಗೆ. ನಾನು ಆಮೇಲೆ ಭಾಯ್‌ನ ಕೇಳಿದೆ. ಮೋಡದ ಹಿಂದಿನಿಂದಲೂ ಬೆಳಕು ಸೋಸಿ ಬರುತ್ತದಂತೆ, ಪ್ಲೇಟಿಗೆ ಕಾವು ಬೇಡ, ಬೆಳಕು ಸಾಕಂತೆ. ಆಕೆಗೆ ಹೇಳಿದ್ದರೆ ಇನ್ನೂ ಹತ್ತು ಪ್ರಶ್ನೆ ಕೇಳುತ್ತಿದ್ದಳು.

ತಗಡಿನ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಮಾನ್ವಿ ಕಡೆಯ ಹೆಣ್ಣುಮಗಳು, ಮನೆಯಲ್ಲೇ ಮೆಷಿನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಮೊನ್ನೆ ಸಂಜೆ ಐದೂವರೆಗೆ ಫೋನು ನೋಡಿ, ರೂಢಿಯಂತೆ ಗಿಡ್ಡ ಗೋಡೆಯ ಕಡೆ ತಿರುಗಿ, "ಇವತ್ತ ಹನ್ನೊಂದು ಒಣಗ್ಯಾದ" ಎಂದುಬಿಟ್ಟೆ. ಆಚೆ ಹೊಲಿಗೆಯ ಸಪ್ಪಳ ನಿಂತಿತು. ನನಗೆ ನಾಚಿಕೆಯಾಯಿತು, ಒಳಗೆ ಹೋಗಲು ಎದ್ದೆ.

ಗೋಡೆಯ ಮೇಲೆ ಒಂದು ಮುಖ ಬಂತು. ಬಾಯಿಯಲ್ಲಿ ಇನ್ನೂ ಗುಂಡುಪಿನ್ನು ಕಚ್ಚಿಕೊಂಡಿದ್ದಳು, ಅದನ್ನು ತೆಗೆದು ಕೇಳಿದಳು:

"ಏನು ಒಣಗ್ಯಾದಬೇ ಯವ್ವಾ? ಎಲ್ಲಿ?"

"ಚಪ್ಪಲಿ ಹಾಕ್ಕೊಂಡು ಮ್ಯಾಲ ಬಾ" ಅಂದೆ. "ಮಾಳಿಗಿ ಸುಡ್ತದ."